ತಾಳ್ಯದ ಗಡಿಯಾರದ ಅರ್ಧ ಗಂಟೆ

ಅನ್ಯಾಯಗಳಲ್ಲಿ ಎರಡು ಬಗೆಯುಂಟು: ಅರ್ಜಿ ಬರೆಯಬಹುದಾದವು ಮತ್ತು ಅರ್ಜಿ ಬರೆಯಲು ವಿಳಾಸವೇ ಸಿಗದವು. ಮೊದಲನೆಯ ಬಗೆಯವು ನನ್ನನ್ನು ಎಂದೂ ಕಂಗೆಡಿಸಿಲ್ಲ. ಪಡಿತರ ಅಂಗಡಿಯ ತಕ್ಕಡಿ ಸಕ್ಕರೆಯ ಕಡೆಗೆ ಅತ್ಯುತ್ಸಾಹದಿಂದ ಬಾಗುವುದನ್ನು ಕಂಡರೆ ಒಂದು ಅರ್ಜಿ, ಬೀದಿಯ ನಲ್ಲಿ ದೊಡ್ಡವರ ಮನೆಯ ಮುಂದೆ ಮಾತ್ರ ಸುರಿಯುವುದನ್ನು ಕಂಡರೆ ಇನ್ನೊಂದು ಅರ್ಜಿ, ಸೀಟು ಹಿಡಿಯಲೆಂದು ಬಸ್ಸಿನ ಕಿಟಕಿಯೊಳಗೆ ಟವೆಲು ಎಸೆಯುವ ಪಾಳೆಯಗಾರಿಕೆಯನ್ನು ಕಂಡರೆ ಮತ್ತೊಂದು ಅರ್ಜಿ. ಪ್ರತಿಯೊಂದರ ನಕಲೂ ಮೇಲಧಿಕಾರಿಗಳಿಗೆ. ಹೊಳಲ್ಕೆರೆಯ ಅಂಚೆ ಕಚೇರಿಯಲ್ಲಿ ನಾನು ಬಾಗಿಲು ದಾಟುತ್ತಿದ್ದಂತೆಯೇ ಅಂಚೆಚೀಟಿಯ ಹಾಳೆಯನ್ನು ಹೊರತೆಗೆಯುತ್ತಿದ್ದರು. ಆದರೆ ನನ್ನ ಮನೆಯ ನಡುಮನೆಯಲ್ಲೇ, ನಾನೇ ಹೊಡೆದ ಮೊಳೆಗೆ ತೂಗಿಕೊಂಡು, ವಾರಕ್ಕೊಮ್ಮೆ ನನ್ನ ಕೈಯಿಂದಲೇ ಕೀಲಿ ಕೊಡಿಸಿಕೊಂಡು, ಹಗಲೂ ಇರುಳೂ ಸುಳ್ಳು ಹೇಳುತ್ತಿದ್ದ ವಸ್ತುವಿನ ವಿರುದ್ಧ ಯಾವ ಇಲಾಖೆಗೆ ಬರೆಯುವುದು?

ಆ ವಸ್ತು ನಮ್ಮ ಮನೆಗೆ ಬಂದದ್ದೇ ಒಂದು ಅನ್ಯಾಯದ ಮೂಲಕ. ಹೈಸ್ಕೂಲು ಮೇಷ್ಟ್ರಾದ ನಾನು ವರದಕ್ಷಿಣೆಯ ವಿರುದ್ಧ ತಾಲ್ಲೂಕಿನ ಉದ್ದಗಲಕ್ಕೂ ಮಾತನಾಡಿದವನು. ನನ್ನ ಮದುವೆಯಲ್ಲಿ ಒಂದು ತಂಬಿಗೆಯನ್ನೂ ಮುಟ್ಟುವುದಿಲ್ಲವೆಂದು ಮೊದಲೇ ಸಾರಿದ್ದೆ. ತಾಳ್ಯದ ನನ್ನ ಮಾವನವರು ತಲೆಯಾಡಿಸಿ ಒಪ್ಪಿದರು. ಮಗಳನ್ನು ಕಳುಹಿಸುವ ದಿನ ಮಾತ್ರ ಗಾಡಿಯ ಹುಲ್ಲಿನ ನಡುವೆ ಏನೋ ಉದ್ದನೆಯದನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದರು. ನಾನು ಆಕ್ಷೇಪಿಸಿದಾಗ, ‘ಇದು ನಿಮಗಲ್ಲ ಬಿಡ್ರಿ, ನಮ್ಮ ಗಿರಿಜಂಗೆ’ ಎಂದರು. ಅಂದಿನಿಂದ ನಾನು ನನ್ನ ಅಂತಃಸಾಕ್ಷಿಗೆ ಒಂದೇ ಸಮಾಧಾನ ಹೇಳುತ್ತ ಬಂದಿದ್ದೇನೆ: ವರದಕ್ಷಿಣೆ ಎನಿಸಿಕೊಳ್ಳಬೇಕಾದರೆ ಅದರಿಂದ ವರನಿಗೆ ಏನಾದರೂ ಸುಖವಾಗಬೇಕು, ಇದರಿಂದ ಅಂಥದ್ದೇನೂ ಆಗಿಲ್ಲ.

ನೋಡಲು ಅದು ಚೆಲುವಾದ ವಸ್ತುವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಜರ್ಮನಿಯಲ್ಲಿ ತಯಾರಾದ ಹಳೆಯ ಗೋಡೆ ಗಡಿಯಾರ. ಕಪ್ಪು ಮೆರುಗಿನ ಮರದ ಪೆಟ್ಟಿಗೆ, ನೆತ್ತಿಯ ಮೇಲೆ ಕೆತ್ತಿದ ಬಳ್ಳಿ, ಗಾಜಿನ ಬಾಗಿಲು, ಅದರ ಹಿಂದೆ ಹಿತ್ತಾಳೆಯ ಲೋಲಕ, ಎಲೆಯ ನರಗಳಂತೆ ಕೊರೆದ ಉಕ್ಕಿನ ಮುಳ್ಳುಗಳು. ಆ ಮುಳ್ಳನ್ನು ಅಷ್ಟು ತೆಳ್ಳಗೆ ಕೊರೆದ ಕೈ ಯಾರದೋ. ಅಂಕಿಗಳಿರುವ ಬಿಲ್ಲೆಯ ಮೇಲೆ ಕಂಪನಿಯ ಮಾಲೀಕನ ಹೆಸರಿದೆ, ಆ ಕಾರ್ಮಿಕನ ಹೆಸರಿಲ್ಲ. ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ನಾನು ತಪ್ಪದೆ ತಿಳಿಸುತ್ತಿದ್ದೆ. ಅವರು ಗಡಿಯಾರ ನೋಡಿ, ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು.

ಹೀಗೆ ಎದ್ದವರು ಯಾರೂ ಆ ಗಡಿಯಾರವನ್ನು ನಂಬಿ ಎದ್ದವರಲ್ಲ. ತಾಳ್ಯದ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬಸ್ಸು ತಪ್ಪಬಾರದೆಂದು ಮುಳ್ಳನ್ನು ಅರ್ಧ ಗಂಟೆ ಮುಂದಿಟ್ಟಿರುವುದು. ಆಮೇಲೆ ಮನೆಯವರೆಲ್ಲರೂ ಆ ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕಳೆದು, ಮೊದಲಿನಷ್ಟೇ ನಿಧಾನವಾಗಿ ಹೊರಡುವುದು. ಇಟ್ಟವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಯಾರನ್ನೂ ವಂಚಿಸದ ಈ ವಂಚನೆ ಗಿರಿಜೆಯೊಂದಿಗೆ ನಮ್ಮ ಮನೆಗೂ ಬಂದಿತು. ಸಾಲದ್ದಕ್ಕೆ, ಮುಳ್ಳು ಎಂಟರಲ್ಲಿದ್ದರೆ ಗಂಟೆ ಒಂಬತ್ತು ಹೊಡೆಯುತ್ತಿತ್ತು. ನನ್ನ ಅವ್ವನಿಗೆ ಗಡಿಯಾರದ ರೋಮನ್ ಅಂಕಿಗಳು ತಿಳಿಯವು. ಅಡುಗೆಮನೆಯಲ್ಲಿ ಕುಳಿತೇ ಬಡಿತವನ್ನೆಣಿಸಿ, ಅದರಲ್ಲಿ ಒಂದೂವರೆ ಕಳೆದು, ಅಕ್ಕಿಗೆ ಎಸರಿಡುತ್ತಿದ್ದಳು. ವಯಸ್ಕರ ಶಿಕ್ಷಣಕ್ಕಾಗಿ ನಾನು ಚಾಪೆ ಹಾಸಿ ಕರೆದಾಗ ತನಗೆ ಲೆಕ್ಕ ಬರುವುದಿಲ್ಲವೆಂದು ನುಣುಚಿಕೊಂಡ ಅವ್ವನೇ ಈಕೆ.

ಸತ್ಯವನ್ನು ಗೋಡೆಯ ಮೇಲೆ ಸ್ಥಾಪಿಸಲೇಬೇಕೆಂದು ನಾನು ಹಟ ಹಿಡಿದದ್ದು ಗಿರಿಜೆಗೆ ಸಂದರ್ಶನದ ಕರೆ ಬಂದಾಗ. ಅವಳು ಶಿಕ್ಷಕಿಯ ತರಬೇತಿ ಮುಗಿಸಿ ಬಹಳ ಕಾಲದಿಂದ ಕಾದಿದ್ದಳು. ಹೆಂಗಸರು ದುಡಿಯಬೇಕೆಂದು ಹತ್ತೂರಲ್ಲಿ ಹೇಳಿದವನ ಹೆಂಡತಿ ಮನೆಯಲ್ಲೇ ಇದ್ದಾಳೆಂದು ಜನ ನನ್ನನ್ನು ಚುಚ್ಚುತ್ತಿದ್ದರು. ಅವಳಿಗೆ ಆ ಚುಚ್ಚುಮಾತು ಬೇಕಿರಲಿಲ್ಲ, ಕೆಲಸ ಬೇಕಾಗಿತ್ತು. ಹೊತ್ತಿಗೆ ಸರಿಯಾಗಿ ಚಿತ್ರದುರ್ಗ ಸೇರದಿದ್ದರೆ ಹೆಸರು ಕೂಗಿ ಮುಂದೆ ಹೋಗುತ್ತಾರೆಂದು ಎಲ್ಲರೂ ಎಚ್ಚರಿಸಿದ್ದರು. ಇಂಥ ದಿನವನ್ನು ಸುಳ್ಳು ಗಡಿಯಾರದ ಕೈಗೆ ಒಪ್ಪಿಸುವುದು ಹೇಗೆ? ಲೋಲಕವನ್ನು ಕಳಚಿ ಟವೆಲಿನಲ್ಲಿ ಸುತ್ತಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು, ದುರ್ಗದ ಬುಡೇನ್ ಸಾಬರ ಅಂಗಡಿಗೆ ಹೋದೆ.

ಸಾಬರ ಮನೆತನ ತಲೆತಲಾಂತರದಿಂದ ಗಡಿಯಾರದ್ದು. ಅದನ್ನು ಅವರು ಗಿರಾಕಿ ಕೂರುವ ಮೊದಲೇ ಹೇಳಿ ಮುಗಿಸುತ್ತಾರೆ. ಅಂಗಡಿಯ ನಾಲ್ಕು ಗೋಡೆಗಳ ಮೇಲೂ ಗಡಿಯಾರಗಳು, ಒಂದರಂತೆ ಇನ್ನೊಂದಿಲ್ಲ. ಇವುಗಳಲ್ಲಿ ಸರಿಯಾದದ್ದು ಯಾವುದೆಂದು ಕೇಳಿದೆ. ‘ಒಂದೂ ಇಲ್ಲ ಮೇಷ್ಟ್ರೇ. ಸರಿ ಇರೋದನ್ನ ಇಲ್ಲಿಗ್ಯಾಕೆ ತರ್ತಾರೆ?’ ಎಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಆಮೇಲೆ ಹಿಂದೆ ಇದನ್ನು ಬಿಚ್ಚಿದ್ದ ಯಾರೋ ರಿಪೇರಿಯವನನ್ನು ಸಾಕಷ್ಟು ಹೊತ್ತು ಬಯ್ದು, ‘ಇದು ಕೆಟ್ಟಿಲ್ಲ. ಯಾರೋ ಇದಕ್ಕೆ ಸುಳ್ಳು ಹೇಳೋದು ಕಲಿಸ್ಯಾರೆ’ ಎಂದು ತೀರ್ಪಿತ್ತರು. ಮುಳ್ಳನ್ನು ಮುಂದಕ್ಕೆ ತಳ್ಳುವವರು ಪ್ರತಿ ಗಂಟೆಯಲ್ಲೂ ನಿಂತು, ಅದು ಬಡಿದು ಮುಗಿಸುವ ತನಕ ಕಾಯಬೇಕಂತೆ. ಕಾಯದೆ ದಾಟಿಸಿದರೆ ಮುಳ್ಳು ಒಂದು ದಾರಿ, ಬಡಿತ ಇನ್ನೊಂದು ದಾರಿ ಹಿಡಿಯುತ್ತವಂತೆ. ಗಡಿಯಾರದ ಬಿಲ್ಲೆಯಲ್ಲಿ ರೋಮನ್ ನಾಲ್ಕನ್ನು ನಿಯಮಕ್ಕೆ ವಿರುದ್ಧವಾಗಿ ನಾಲ್ಕು ಕಡ್ಡಿ ನಿಲ್ಲಿಸಿ ಬರೆದಿರುವ ಅನ್ಯಾಯವನ್ನೂ ನಾನು ಅವರ ಗಮನಕ್ಕೆ ತಂದೆ. ಎದುರಿಗಿರುವ ಎಂಟು ದಪ್ಪನಾಗಿದೆ, ಅದಕ್ಕೆ ಸಮನಾಗಿ ಈ ಕಡೆಯೂ ಭಾರ ಬೇಡವೇ ಎಂದರು. ಅಂದಕ್ಕಾಗಿ ಗಣಿತವನ್ನು ಬಲಿಗೊಡುವುದು ಎಲ್ಲಿಯ ನ್ಯಾಯವೆಂದು ವಾದಿಸಿದೆ. ಅವರು ನನ್ನ ಮಾತಿಗೆ ಪ್ರತಿಯಾಗಿ ಗಡಿಯಾರವನ್ನು ಬಡಿಸಿ ಕೇಳಿಸಿದರು. ರಿಪೇರಿ ಮುಗಿದ ಮೇಲೂ ಅದನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ. ಹೋದಾಗಲೆಲ್ಲ, ನಡಿಗೆ ನೋಡ್ತಿದೀನಿ ಎಂದು ಎದುರಿಗೆ ಟೀ ಹಿಡಿದು ಕುಳಿತಿರುತ್ತಿದ್ದರು. ಗ್ರಾಹಕನ ಹಕ್ಕಿನ ಬಗ್ಗೆ ಜೋರಾಗಿಯೇ ಮಾತನಾಡಿ, ಸಂದರ್ಶನದ ಹಿಂದಿನ ದಿನ ಬಿಡಿಸಿಕೊಂಡು ಬಂದೆ.

ಬರುವ ದಾರಿಯಲ್ಲಿ ರಸ್ತೆಯ ಗುಂಡಿಗಳು ತಮ್ಮ ಕೆಲಸ ಮಾಡಿದವು. ತೊಡೆಯ ಮೇಲಿದ್ದ ಗಡಿಯಾರ ಪ್ರತಿ ಗುಂಡಿಗೂ ಒಮ್ಮೆ ಠಣ್ ಎನ್ನುವುದು, ಕಂಡಕ್ಟರು ಹಗ್ಗ ಎಳೆದನೆಂದು ತಿಳಿದು ಡ್ರೈವರು ಬಯಲಿನಲ್ಲಿ ಬಸ್ಸು ನಿಲ್ಲಿಸುವುದು. ಇಳಿಯುವವರಿಲ್ಲ, ಹತ್ತುವವರಿಲ್ಲ. ಕಂಡಕ್ಟರು ಕಡೆಗೆ ನನ್ನ ಬಳಿ ಬಂದು, ‘ಮೇಷ್ಟ್ರೇ, ನಿಮ್ಮ ಕೂಸಿನ ಬಾಯಿ ಮುಚ್ಚಿಸ್ರಿ’ ಎಂದ. ರಸ್ತೆ ನೆಟ್ಟಗಿದ್ದರೆ ಕೂಸು ಬಾಯಿ ತೆರೆಯುತ್ತಿರಲಿಲ್ಲವೆಂದು, ಆ ವಿಷಯವಾಗಿ ನಾನು ಬರೆದಿರುವ ಅರ್ಜಿಗಳ ವಿವರವನ್ನು ಹೊಳಲ್ಕೆರೆಯ ತನಕ ಅವನಿಗೆ ತಿಳಿಸಿದೆ.

ಆ ಸಂಜೆ ಗಡಿಯಾರವನ್ನು ಗೋಡೆಗೇರಿಸಿ, ನನ್ನ ಕೈಗಡಿಯಾರಕ್ಕೆ ಹೊಂದಿಸಿ, ಪ್ರತಿ ಗಂಟೆಯಲ್ಲೂ ನಿಂತು ಬಡಿಸಿ, ಊಟಕ್ಕೆ ಕುಳಿತಾಗ ವಿಧಿವತ್ತಾಗಿ ಘೋಷಿಸಿದೆ. ಕಾಲಪ್ರಜ್ಞೆಯಿಲ್ಲದ ಸಮಾಜ ಹೇಗೆ ಹಿಂದುಳಿಯುತ್ತದೆ, ಸಣ್ಣ ಸುಳ್ಳು ಹೇಗೆ ದೊಡ್ಡ ಸುಳ್ಳಿಗೆ ಒಗ್ಗಿಸುತ್ತದೆ ಎಂಬುದರಿಂದ ಆರಂಭಿಸಿ, ಇಂದಿನಿಂದ ಈ ಗಡಿಯಾರ ನಿಜವನ್ನೇ ಹೇಳುತ್ತದೆ ಎಂಬಲ್ಲಿಗೆ ತಂದು ನಿಲ್ಲಿಸಿದೆ. ಅವ್ವ ಇನ್ನೊಂದು ಮುದ್ದೆ ಇಕ್ಕಲೇ ಎಂದಳು. ಗಿರಿಜೆ ಮರುದಿನದ ಸೀರೆಯ ಚಿಂತೆಯಲ್ಲಿದ್ದಳು.

ಬೆಳಿಗ್ಗೆ ನಾನು ಮೊದಲೇ ಬಸ್ ನಿಲ್ದಾಣಕ್ಕೆ ಹೋದೆ. ಟವೆಲು ಎಸೆಯದೆ, ನ್ಯಾಯಮಾರ್ಗದಲ್ಲೇ ಅವಳಿಗೊಂದು ಸೀಟು ದೊರಕಿಸಬೇಕೆಂಬುದು ನನ್ನ ಸಂಕಲ್ಪ. ಕೈಗಡಿಯಾರ ನನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ಸತ್ಯವೇ ತೂಗಾಡುತ್ತಿರುವಾಗ ಅವಳಿಗೆ ಇದೇಕೆ? ಎಂದೂ ಹೊತ್ತಿಗೆ ಬಾರದ ಆ ಬಸ್ಸು ಅಂದು ನಿಮಿಷಕ್ಕೆ ಸರಿಯಾಗಿ ಬಂದು ನಿಂತಿತು. ಅನ್ಯಾಯಕ್ಕೂ ಒಂದು ಕಟ್ಟುಪಾಡು ಬೇಡವೇ? ಗಿರಿಜೆಯ ಸುಳಿವಿರಲಿಲ್ಲ. ಸ್ವಲ್ಪ ನಿಲ್ಲಿಸೆಂದು ಕಂಡಕ್ಟರನನ್ನು ಬೇಡಿಕೊಂಡೆ. ಹಿಂದಿನ ದಿನದ ಕಂಡಕ್ಟರೇ ಅವನು. ‘ಬಸ್ಸು ಟೈಮಿಗೆ ಬಿಡಲ್ಲ ಅಂತ ಮಾಲೀಕರಿಗೆ ಅರ್ಜಿ ಬರೆದೋರು ನೀವೇ ಅಲ್ಲೇನ್ರಿ?’ ಎಂದು ಅವನು ಶಾಂತವಾಗಿ ಕೇಳಿ, ಹಗ್ಗ ಎಳೆದ.

ಬಸ್ಸಿನ ಧೂಳು ಅಡಗುವಾಗ ಗಿರಿಜೆ ಬಂದಳು. ಇಸ್ತ್ರಿಯ ಸೀರೆ, ಕೈಯಲ್ಲಿ ಫೈಲು, ಇನ್ನೂ ಅರ್ಧ ಗಂಟೆ ಉಳಿದವಳ ನೆಮ್ಮದಿಯ ನಡಿಗೆ. ನನ್ನ ಮುಖವನ್ನೂ ಖಾಲಿ ರಸ್ತೆಯನ್ನೂ ನೋಡಿದಳು. ಫೈಲನ್ನು ಎದೆಗೊತ್ತಿಕೊಂಡಳು.

‘ಗಡಿಯಾರ ಸರಿ ಟೈಮಿಗಿಟ್ಟಿದ್ದು ನಂಗ್ಯಾಕೆ ಹೇಳ್ಲಿಲ್ಲ?’

‘ಊಟದ ಹೊತ್ನಾಗೆ ಅಷ್ಟೊತ್ತು ಹೇಳಿದ್ನಲ್ಲ.’

‘ಊಟದ ಹೊತ್ನಾಗೆ ನೀವು ದಿನಾ ಹೇಳ್ತೀರಿ’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು. ಕಣ್ಣಂಚಿನಲ್ಲಿ ನೀರು ತುಂಬಿತ್ತು.

ಶೇಂಗಾ ಚೀಲ ಹೇರಿಕೊಂಡ ಲಾರಿಯೊಂದು ಹೊರಟಿತ್ತು. ಸರಕಿನ ಲಾರಿಯಲ್ಲಿ ಜನರನ್ನು ಕೂರಿಸುವುದರ ವಿರುದ್ಧ ನಾನು ಬರೆದದ್ದು ಹಳೆಯ ಮಾತಲ್ಲ. ಗಿರಿಜೆ ನನ್ನ ಕಡೆ ತಿರುಗಿಯೂ ನೋಡದೆ ಅದಕ್ಕೆ ಕೈ ತೋರಿಸಿ, ‘ಹತ್ರಿ, ಹೋಗಾಣ’ ಎಂದಳು. ಅವಳು ಡ್ರೈವರನ ಪಕ್ಕದಲ್ಲಿ, ನಾನು ಚೀಲಗಳ ನೆತ್ತಿಯ ಮೇಲೆ. ದುರ್ಗ ಸೇರುವ ತನಕ ಗಾಳಿಗೆ ಪಂಚೆ ಹಿಡಿದುಕೊಳ್ಳುವುದೇ ಕೆಲಸವಾದ್ದರಿಂದ ನನಗೆ ಯಾವ ಅನ್ಯಾಯವನ್ನೂ ಗಮನಿಸಲಾಗಲಿಲ್ಲ.

ಕಚೇರಿಯನ್ನು ಓಡುತ್ತ ಹೊಕ್ಕರೆ, ಅಭ್ಯರ್ಥಿಗಳೆಲ್ಲ ಬೇವಿನ ಮರದ ಕೆಳಗೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ಸಂದರ್ಶನ ನಡೆಸಬೇಕಾದ ಅಧಿಕಾರಿಗಳು ಇನ್ನೂ ಬಂದಿರಲಿಲ್ಲ. ಅವರು ಬಂದದ್ದು ಊಟ ಮುಗಿಸಿಕೊಂಡೇ. ಗಿರಿಜೆ ಒಳಗೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ನಗುತ್ತ ಹೊರಬಂದಳು. ಆದರೆ ಸಾರ್ವಜನಿಕರ ಹೊತ್ತನ್ನು ಹೀಗೆ ಹಾಳುಮಾಡುವ ಅಧಿಕಾರಿವರ್ಗವನ್ನು ಸುಮ್ಮನೆ ಬಿಡುವುದುಂಟೇ? ಮರಳಿ ಬರುವಾಗ ಅರ್ಜಿಯ ಮೊದಲ ವಾಕ್ಯಗಳನ್ನು ಅವಳಿಗೆ ಒಪ್ಪಿಸಿದೆ. ‘ಬರೀರಿ, ಬ್ಯಾಡ ಅನ್ನಲ್ಲ’ ಎಂದಳು ಕಿಟಕಿಯ ಹೊರಗೆ ನೋಡುತ್ತ. ‘ನನ್ನ ಆರ್ಡರ್ ಕೈಗೆ ಬಂದ ಮ್ಯಾಲೆ ಬರೀರಿ.’ ಆರ್ಡರ್ ಬಂತು. ನನ್ನ ಜೀವನದಲ್ಲಿ ಬರೆಯದೆ ಉಳಿದ ಅರ್ಜಿ ಅದೊಂದೇ.

ಕೆಲಸಕ್ಕೆ ಸೇರುವ ಹಿಂದಿನ ದಿನ ಗಿರಿಜೆ ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಿದಳು. ಬಡಿದು ಮುಗಿಸುವ ತನಕ ಕಾಯಬೇಕೆಂಬ ಸಾಬರ ಮಾತನ್ನು ನಾನು ನೆನಪಿಸುವಷ್ಟರಲ್ಲಿ ಮುಳ್ಳು ಹನ್ನೆರಡನ್ನು ದಾಟಿಹೋಗಿತ್ತು. ಸ್ವಲ್ಪ ಹೊತ್ತಿಗೆ ಗಂಟೆ ತನ್ನ ಹಳೆಯ ತಪ್ಪನ್ನು ನಿಷ್ಠೆಯಿಂದ ಬಡಿಯಿತು. ಅಡುಗೆಮನೆಯಿಂದ ಅವ್ವನ ದನಿ ಕೇಳಿಸಿತು: ‘ಈಗ ಸರಿ ಹೊಡೀತು ನೋಡಪ್ಪ. ಆ ಸಾಬ ಕೆಡಿಸಿಟ್ಟಿದ್ದ.’

ದುಡಿಯುವ ಹೆಣ್ಣಿಗೆ ಹೊತ್ತು ತಿಳಿಯಲೆಂದು ನನ್ನ ಕೈಗಡಿಯಾರವನ್ನು ಗಿರಿಜೆಗೆ ಕೊಟ್ಟೆ. ಹೀಗಾಗಿ ಆ ಗೋಡೆಯ ಸುಳ್ಳನ್ನೇ ನೋಡಿ ಬದುಕಬೇಕಾದವನು ನಾನೊಬ್ಬನೇ. ಕಳೆಯುವುದು ನನಗೆ ಬಾರದೆಂದಲ್ಲ. ಕಳೆದರೆ ಆ ಸುಳ್ಳಿನಲ್ಲಿ ನಾನೂ ಪಾಲುದಾರನಾಗುತ್ತೇನೆ. ಆದ್ದರಿಂದ ಗಡಿಯಾರ ಹೇಳಿದಾಗ ಹೊರಡುತ್ತೇನೆ. ಪ್ರತಿದಿನವೂ ಬೀಗ ಹಾಕಿದ ಶಾಲೆಯ ಗೇಟಿನ ಮುಂದೆ, ಜವಾನ ಬರುವ ತನಕ, ಕೊಡೆ ಹಿಡಿದು ನಿಂತಿರುತ್ತೇನೆ. ಊರು ಇದನ್ನು ಗಮನಿಸಿತು. ಈ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಸಮಯಪಾಲನೆಗೆ ಮಾದರಿಯೆಂದು ನನಗೊಂದು ಹಾರ ಹಾಕಿ, ಅದೇ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಕೇಳಿಕೊಂಡರು. ನಾನು ಅಲ್ಲಗಳೆಯಲಿಲ್ಲ, ಮಾತಾಡಿದೆ. ಮುಗಿಸಿ ಕುಳಿತಾಗ, ಕೊಟ್ಟ ಹೊತ್ತಿಗಿಂತ ಅರ್ಧ ಗಂಟೆ ಹೆಚ್ಚಾಯಿತೆಂದು ಹೆಡ್‌ಮಾಸ್ಟರು ಕಿವಿಯಲ್ಲಿ ಹೇಳಿದರು. ನಾಚಿಕೆಯಿಂದ ಸಭೆಯ ಕಡೆ ನೋಡಿದೆ. ಹೆಂಗಸರ ಸಾಲಿನಲ್ಲಿ ಗಿರಿಜೆ ಅದೇ ಆಗ ಒಳಗೆ ಬಂದು, ನೆಮ್ಮದಿಯಿಂದ ಸೆರಗು ಸರಿಮಾಡಿಕೊಂಡು ಅವ್ವನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದಳು. ನನ್ನ ಭಾಷಣದಲ್ಲಿ ಎಷ್ಟು ಕಳೆಯಬೇಕೆಂಬುದನ್ನು ಅವಳು ಮನೆಯಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದಳು.