ಮುದ್ದೆ ವೀರನ ಜಾಹೀರಾತು

ನಮ್ಮ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೊಂಬೆ ಅಂಗಡಿ ಇದೆ. ಕತ್ತಿ ಹಿಡಿದವು, ರೆಕ್ಕೆ ಕಟ್ಟಿಕೊಂಡವು, ಮೈಗೆಲ್ಲ ಕಬ್ಬಿಣದ ಬಣ್ಣ ಬಳಿದುಕೊಂಡವು, ಹೀಗೆ ಕೈಕಾಲು ಆಡಿಸೋ ಫೈಟಿಂಗ್ ಬೊಂಬೆಗಳೇ ಅಲ್ಲಿ ಜಾಸ್ತಿ. ಬೊಂಬೆ ಹೆಂಗಾದರೂ ಇರಲಿ, ಅಂಗಡಿಯವನು ಜಾಹೀರಾತು ಅಂತ ಒಂದು ಹೊರಡಿಸಿದರೆ ಅದರಲ್ಲಿ ತಪ್ಪು ಇರಲೇಬೇಕು. ಒಂದನ್ನ ತಿದ್ದೋ ಹೊತ್ತಿಗೆ ಇನ್ನೊಂದು ಹುಟ್ಟಿರುತ್ತೆ. ಊರೆಲ್ಲ ನಗುತ್ತೆ, ನಾನೂ ನಗ್ತೀನಿ. ಆದರೆ ಆ ತಪ್ಪುಗಳಲ್ಲಿ ಒಂದನ್ನ ಮಾತ್ರ ಯಾರೂ ತಿದ್ದಬಾರದು ಅಂತ ನಾನು ಕಾವಲು ಕೂತಿದ್ದೀನಿ. ಯಾಕೆ ಅಂತ ಮೊದಲಿಂದ ಹೇಳ್ತೀನಿ.

೧. ಮಗ್ಗದ ಗಂಟಲು

ನಮ್ಮದು ಮಗ್ಗದ ಮನೆ. ಪವರ್‌ಲೂಮ್ ಓಡೋ ಮನೇಲಿ ಯಾರಿಗೂ ಮೆಲ್ಲಗೆ ಮಾತಾಡೋಕೆ ಬರಲ್ಲ. "ಉಪ್ಪು ಕೊಡೇ" ಅಂದರೆ ಪಕ್ಕದ ಬೀದಿಯವರು ಉಪ್ಪು ಹಿಡ್ಕೊಂಡು ಬರಬೇಕು, ಅಷ್ಟು ಜೋರು. ಅದರಲ್ಲೂ ನಮ್ಮ ಯಜಮಾನರದು ಮಗ್ಗವನ್ನೇ ಗದರಿಸೋ ಗಂಟಲು.

ಅದನ್ನ ಕೇಳಿಕೊಂಡೇ ಬೊಂಬೆ ಅಂಗಡಿಯವನು ಬಂದ. "ಯಜಮಾನ್ರೇ, ಆಟೋಗೆ ಮೈಕ್ ಕಟ್ಟಿ ಊರೆಲ್ಲ ಸುತ್ತಿಸ್ತೀನಿ. ನಿಮ್ಮ ಗಂಟಲು ಸ್ವಲ್ಪ ಕೊಡಿ."

"ನಿನಗೆ ಕೊಟ್ಟುಬಿಟ್ರೆ ಇವಳ ಹತ್ರ ಹೆಂಗಪ್ಪಾ ಮಾತಾಡಲಿ?" ಅಂದರು ಇವರು. ಆದರೂ ಖುಷಿ. ಮಗ್ಗ ನಿಲ್ಲಿಸಿದರು, ಅವನು ಫೋನು ಮುಂದೆ ಹಿಡಿದ. ಒಳಗೆ ಮುದ್ದೆ ತಿರುವುತ್ತಿದ್ದ ನನಗೆ ಇದು ಯಾವುದೂ ಗೊತ್ತಿಲ್ಲ.

"ಬನ್ನಿ ಮಕ್ಕಳೇ ಬನ್ನಿ! ಕತ್ತಿ ಬೀಸೋ ವೀರ! ಗಾಳೀಲಿ ಹಾರೋ ವೀರ! ಯಾರಿಗೂ ಹೆದರದ ಶೂರ..."

"ರೀ! ಮುದ್ದೆ ತಣ್ಣಗಾಗ್ತಾ ಇದೆ! ಬರ್ತೀರೋ, ಎತ್ತಿಡ್ಲೋ?"

"ಬಂದೆ ಕಣೇ, ಬಂದೆ! ಕೂಗ್ಬೇಡ!"

ಅಂಗಡಿಯವನು ಅದನ್ನ ಒಂದು ಸಲನಾದರೂ ಕೇಳಿ ನೋಡಬೇಕೋ ಬೇಡವೋ? ಹಂಗೇ ಆಟೋದವನಿಗೆ ಕೊಟ್ಟುಬಿಟ್ಟ. ಮಾರನೇ ದಿನ ಯಾರಿಗೂ ಹೆದರದ ಶೂರ ಮುದ್ದೆಗೆ ಹೆದರಿ ಓಡಿದ್ದನ್ನ ಊರೆಲ್ಲ ಕೇಳಿತು. ಮಕ್ಕಳು ಆ ಬೊಂಬೆಗೆ ಮುದ್ದೆ ವೀರ ಅಂತ ಹೆಸರಿಟ್ಟವು. ನನಗೆ ನಾಚಿಕೆಯಾಗಿ, "ತೆಗೆಸ್ರೀ ಅದನ್ನ" ಅಂತ ಗಂಟುಬಿದ್ದೆ.

ಇವರು, "ಇರಲಿ ಬಿಡೇ. ನಾನು ಯಾರಿಗೆ ಹೆದರ್ತೀನಿ ಅಂತ ಊರಿಗೂ ಗೊತ್ತಾಗಲಿ" ಅಂದರು.

೨. ತಲೆ ತಿರುಗುತ್ತದೆ

ಆಮೇಲೆ ಅಂಗಡಿ ಮುಂದೆ ದೊಡ್ಡ ಫ್ಲೆಕ್ಸ್ ಬಂತು. ನನಗೆ ಓದೋಕೆ ಬರಲ್ಲ, ಚಿತ್ರ ನೋಡ್ತೀನಿ. ನೋಡಿದರೆ ಬೊಂಬೆಗೆ ಎರಡೂ ಎಡಗೈ. "ಇವನು ಊಟ ಹೆಂಗ್ ಮಾಡ್ತಾನ್ರೀ?" ಅಂದೆ. "ಚಿತ್ರ ಬಿಡೇ, ಬರೆದಿರೋದು ಕೇಳು" ಅಂತ ಇವರು ಓದಿದರು: "ನಮ್ಮ ಬೊಂಬೆ ನೋಡಿ. ತಲೆ ತಿರುಗುತ್ತದೆ."

ಅಷ್ಟರಲ್ಲಿ ದೇವನಹಳ್ಳಿ ಬಸ್ಸಿಂದ ಇಳಿದ ಒಬ್ಬ ಹೆಂಗಸು ಅದನ್ನೇ ಓದಿಕೊಂಡು ಅಂಗಡಿಯವನನ್ನ ಕೇಳಿದಳು. "ಏನಪ್ಪಾ, ನೋಡಿದ್ರೇನೇ ತಲೆ ತಿರುಗುತ್ತಾ?"

"ಗ್ಯಾರಂಟಿ ಅಮ್ಮಾ! ಸುತ್ತಾ ತಿರುಗುತ್ತೆ. ಎಷ್ಟು ಸಲ ಬೇಕಾದ್ರೂ!"

"ಅಯ್ಯಯ್ಯೋ, ನನಗೆ ಮೊದಲೇ ಬಿಪಿ!" ಅಂತ ಅವಳು ಸೆರಗನ್ನ ಕಣ್ಣಿಗೆ ಅಡ್ಡ ಹಿಡಿದು ರಸ್ತೆ ದಾಟೇಬಿಟ್ಟಳು.

ಯಜಮಾನರು ನಗು ತಡೆಯೋಕಾಗದೆ ಅಲ್ಲಿದ್ದ ಲೈಟ್ ಕಂಬ ತಬ್ಬಿಕೊಂಡು ನಿಂತರು. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆ ಕಂಬ ಈಗಲೂ ಅಲ್ಲೇ ಇದೆ. ಆ ಕಡೆ ಹೋದಾಗೆಲ್ಲ ಅದನ್ನ ಒಂದು ಸಲ ಸವರಿ ಬರ್ತೀನಿ. "ಕರೆಂಟ್ ಹೊಡೀತದೆ ಕಣಜ್ಜೀ!" ಅಂತ ಹೂ ಮಾರೋಳು ಪ್ರತಿ ಸಲ ಬೈತಾಳೆ.

೩. ಬದಲಾಯಿಸಿ ಕೊಡಲಾಗುವುದು

ಹೋದ ವರ್ಷ ಯಜಮಾನರು ಹೋಗಿಬಿಟ್ಟರು. ಮಗ್ಗದ ಪಕ್ಕ ಕೂತಿದ್ದವರು ಹಂಗೇ ಗೋಡೆಗೆ ಒರಗಿದರು.

ತಿಥಿಗೆ ಅಂತ ಮಗಳು ಅವರ ಫೋಟೋ ಫ್ಲೆಕ್ಸ್ ಮಾಡಿಸಿ ಬಾಗಿಲಿಗೆ ಕಟ್ಟಿಸಿದಳು. ಬಂದ ನೆಂಟರೆಲ್ಲ ಅದರ ಮುಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಳ್ತಾರೆ, ಹೆಗಲು ಕುಣಿಸ್ತಾರೆ. ಎಷ್ಟು ಪ್ರೀತಿ ಇವರ ಮೇಲೆ, ಹೆಂಗೆ ಅಳ್ತಾವ್ರೆ ಅಂದುಕೊಂಡೆ. ಆಮೇಲೆ ಮಗಳು ಓದಿದಳು. ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ". ನಡುವೆ ಇವರ ಫೋಟೋ. ಕೆಳಗೆ "ಕೈಕಾಲು ಆಡುತ್ತವೆ. ಕೆಟ್ಟರೆ ಬದಲಾಯಿಸಿ ಕೊಡಲಾಗುವುದು."

ಫ್ಲೆಕ್ಸ್ ಮಾಡೋನು ಬೊಂಬೆ ಅಂಗಡಿದನ್ನೂ ನಮ್ಮದನ್ನೂ ಒಟ್ಟಿಗೆ ಕೂತು ಮಾಡಿದ್ದನಂತೆ. ಬೊಂಬೆ ಅಂಗಡಿಯವನು ಏದುಸಿರು ಬಿಡ್ತಾ ಓಡಿಬಂದ. "ಅಜ್ಜೀ, ತಪ್ಪಾಯ್ತು! ಅಲ್ಲಿ ನನ್ನ ಬೊಂಬೆಗೆ ಶ್ರದ್ಧಾಂಜಲಿ ಹಾಕವ್ನೆ. ಯಾರೋ ಕೈ ಮುಗಿದು ಹಾರ ಬೇರೆ ಹಾಕಿ ಹೋಗವ್ರೆ! ಈಗಲೇ ಇದನ್ನ ಬದಲಾಯಿಸಿ ಕೊಡಿಸ್ತೀನಿ!"

ಅಳೋದೋ ನಗೋದೋ ತಿಳಿಯದೆ ಎರಡೂ ಬಂದುಬಿಟ್ಟವು. "ಬದಲಾಯಿಸೋದು ಬೇಡ ಕಣಪ್ಪಾ. ಹಳೇದನ್ನೇ ವಾಪಸ್ ಕೊಡ್ತಾನಾ ಕೇಳು" ಅಂದೆ.

೪. ಇಲ್ಲಿ ಜೋರಾಗಿ ಕೂಗಬೇಕು

ಮನೇಲಿ ಇವರ ಫೋಟೋ ಬೇಕಾದಷ್ಟಿವೆ. ದನಿ ಮಾತ್ರ ಎಲ್ಲೂ ಇಲ್ಲ, ಆ ಆಟೋದಲ್ಲಿ ಬಿಟ್ಟು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ನಮ್ಮ ಬೀದಿಗೆ ಬರುತ್ತೆ. ನಾನು ತಟ್ಟೆ ಮುಂದೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿರ್ತೀನಿ. "ಬಂದೆ ಕಣೇ" ಅಂದ ಮೇಲೇ ಮೊದಲ ತುತ್ತು.

ಒಂದು ದಿನ ಅಂಗಡಿಯವನು ಬಂದು ಮೆಲ್ಲಗೆ ಶುರು ಮಾಡಿದ. "ಅಜ್ಜಿ, ಹೋದವರ ದನಿ ಬೀದೀಲಿ ಸುತ್ತಿಸೋದು ಸರಿಯಲ್ಲ ಅಂತಾವ್ರೆ ಜನ. ಕಂಪ್ಯೂಟರ್ ದನಿ ಹಾಕಿಸ್ತೀನಿ."

"ಯಾಕಪ್ಪಾ? ಚೆನ್ನಾಗೇ ಐತಲ್ಲ."

"ಹೋಗಲಿ, ಆ ಮುದ್ದೆ ಮಾತನ್ನಾದ್ರೂ ಕತ್ತರಿಸಿಬಿಡ್ಲಾ?"

"ಬೇಕಾದ್ರೆ ನಿನ್ನ ವೀರ ಶೂರರನ್ನೆಲ್ಲ ಕತ್ತರಿಸು. ಮುದ್ದೆ ಒಂದು ಬಿಟ್ಟುಬಿಡು."

ತಮಾಷೆ ಮಾಡ್ತಾ ಇದ್ದೀನಿ ಅಂದುಕೊಂಡು ನಗ್ತಾ ಹೋದ. ಆಮೇಲೆ ಹೊಸ ಜಾಹೀರಾತು ಬಂತು. ಯಾವುದೋ ಹೆಣ್ಣು ದನಿ, ತೂಕಡಿಸ್ತಾ ಓದಿದ ಹಾಗೆ. "ಯಾರಿಗೂ ಹೆದರದ ಶೂರ. ಇಲ್ಲಿ ಸ್ವಲ್ಪ ಜೋರಾಗಿ ಕೂಗಬೇಕು. ಬನ್ನಿ ಮಕ್ಕಳೇ ಬನ್ನಿ. ಇಲ್ಲಿ ಇನ್ನೂ ಜೋರಾಗಿ."

ಅಂಗಡಿಯವನು ಗುರುತಿಗೆ ಅಂತ ಬರೆದುಕೊಂಡಿದ್ದನ್ನೆಲ್ಲ ಕಂಪ್ಯೂಟರು ಓದಿಬಿಟ್ಟಿತ್ತು! ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು. ಮುದ್ದೆ ಮಾತ್ರ ಅವತ್ತು ಮುಟ್ಟದೆ ಎತ್ತಿಟ್ಟೆ.

೫. ಬಂದೆ ಕಣೇ

ನನ್ನ ಮಾತು ಕೇಳದ ಅಂಗಡಿಯವನು ಮಕ್ಕಳ ಮಾತು ಕೇಳಬೇಕಾಯ್ತು. "ಅಂಕಲ್, ಮುದ್ದೆ ವೀರ ಕೊಡಿ."

"ಇದೇ ಕಣ್ರೋ."

"ಇದಲ್ಲ. ಇದು ಊಟಕ್ಕೆ ಕರೆದ್ರೆ ಬರಲ್ಲ."

ವ್ಯಾಪಾರ ನಿಂತಿತು. ಅಂಗಡಿಯವನು ಹಳೇ ದನಿಗೆ ಅಂತ ಫೋನೆಲ್ಲ ಹುಡುಕಿ ನನ್ನ ಮುಂದೆ ಬಂದು ತಲೆ ತಗ್ಗಿಸಿದ. "ಅಳಿಸಿಬಿಟ್ಟಿದ್ದೀನಿ ಅಜ್ಜಿ." ನಾನು ಕಂಬ ಹಿಡ್ಕೊಂಡು ಕೂತುಬಿಟ್ಟೆ, ನಮ್ಮ ಮನೆ ಕಂಬ. ಆಗ ಬೀದೀಲಿ ನಿಂತಿದ್ದ ಆಟೋದವನು ತಲೆ ಕೆರ್ಕೊಂಡು ಹತ್ತಿರ ಬಂದ. "ಬೈಬೇಡಿ ಅಣ್ಣಾ. ಪೆನ್‌ಡ್ರೈವಲ್ಲಿರೋ ಹಳೇದು ಅಳಿಸು ಅಂದಿದ್ರಿ. ಮರ್ತೇಹೋಯ್ತು."

ಆ ಮರೆವಿಗೆ ನಾನು ಕೈ ಮುಗಿದೆ. ಆ ಅಂಗಡಿಯ ಜಾಹೀರಾತಿನಲ್ಲಿ ಯಾರೋ ಒಬ್ಬ ಸರಿಯಾದ ತಪ್ಪು ಮಾಡಿದ್ದು ಅದೊಂದೇ.

ಈಗ ಆ ದನಿ ಮತ್ತೆ ದಿನಾ ಬರುತ್ತೆ. ಮೊನ್ನೆ ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳು ಆಟೋ ದಾಟಿ ಹೋಗೋದನ್ನೇ ಕಾದಿದ್ದು ನನ್ನ ಹತ್ರ ಬಂದಳು. ಮುಖದಲ್ಲಿ ಸಿಟ್ಟು.

"ಅಜ್ಜಿ, ಯಾರಜ್ಜಿ ಆ ಗಂಡಸು? ದಿನಾ ಬಂದೆ ಬಂದೆ ಅಂತಾನೆ, ಬರೋದೇ ಇಲ್ವಲ್ಲ!"

"ಮದುವೆ ಆದಾಗಿಂದ ಹಂಗೇ ಕಣಮ್ಮ. ಒಂದು ಕೂಗಿಗೆ ಎದ್ದು ಬಂದೋರೇ ಅಲ್ಲ."

"ಪಾಪ, ಮತ್ತೆ ಆ ಹೆಂಗಸು ಏನ್ಮಾಡ್ತಾಳೆ?"

ನಾನು ಆರಿದ ಮುದ್ದೆ ಮುರಿದುಕೊಂಡು ಹೇಳಿದೆ. "ಇನ್ನೇನ್ಮಾಡ್ತಾಳೆ? ನಾಳೆ ಮತ್ತೆ ಕೂಗ್ತಾಳೆ."