ಮಾವನ ವಿದ್ವಾನ್ ಮತ್ತು ಕೊನೆಯ ಐದು ನಿಮಿಷ

ನಮ್ಮ ಸೋದರಮಾವನಷ್ಟು ರಾಕ್ ಸಂಗೀತದ ಕಛೇರಿ ನೋಡಿದವರು ಹನುಮಂತನಗರದಲ್ಲಷ್ಟೇ ಏಕೆ, ಇಡೀ ಕರ್ನಾಟಕದಲ್ಲೇ ಇರಲಾರರು ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಇಪ್ಪತ್ತೈದು ವರ್ಷ, ಪ್ರತಿ ಭಾನುವಾರ, ಸಂಜೆ ನಾಲ್ಕಕ್ಕೆ ಸರಿಯಾಗಿ! ಒಂದೇ ಒಂದು ಸಣ್ಣ ವಿಷಯ. ಅಷ್ಟೂ ಸಲ ನೋಡಿದ್ದು ಒಂದೇ ಕಛೇರಿ. ಒಬ್ಬನೇ ಗಾಯಕ, ಅವೇ ಹಾಡುಗಳು, ಅದೇ ಒಂದು ವಿಡಿಯೊ ಕ್ಯಾಸೆಟ್ಟು. ಇನ್ನೂ ಸಣ್ಣ ವಿಷಯವೆಂದರೆ, ಅದನ್ನೂ ಅವರು ಪೂರ್ತಿ ನೋಡಿರಲಿಲ್ಲ!

ಜಯನಗರದಲ್ಲಿ ವಿಡಿಯೊ ಲೈಬ್ರರಿಯೊಂದು ಬಾಗಿಲು ಹಾಕುವಾಗ, ಯಾರಿಗೂ ಬೇಡವಾಗಿ ಉಳಿದಿದ್ದ ಕ್ಯಾಸೆಟ್ಟುಗಳ ರಾಶಿಯಲ್ಲಿ ಮಾವನಿಗೆ ಇದು ಸಿಕ್ಕಿತಂತೆ. ಆ ಗಾಯಕನ ಹಾಡುಗಳನ್ನು ಕಾಲೇಜಿನ ದಿನಗಳಿಂದ ರೇಡಿಯೊದಲ್ಲಿ ಕೇಳಿ ಮರುಳಾಗಿದ್ದವರು ಅವರು. ಮುಖ ನೋಡಿದ್ದು ಅದೇ ಮೊದಲು. ಕ್ಯಾಸೆಟ್ಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದರು. ಪಕ್ಕದಲ್ಲಿ ಕೂತ ಹೆಂಗಸು ಹಸುಗೂಸೆಂದುಕೊಂಡು ಕಿಟಕಿ ಮುಚ್ಚಿದರಂತೆ. ಇದನ್ನು ಮಾವ ಹೇಳಿದ್ದು, ನಾನಂತೂ ನಂಬಿಲ್ಲ.

ಮಾವನಿಗೆ ಸಂಗೀತ ಕೇಳುವುದನ್ನು ಕಲಿಸಿದ್ದು ರಾಮನವಮಿಯ ಚಪ್ಪರಗಳು. ಹಾಗಾಗಿ ರಾಕ್ ಸಂಗೀತಕ್ಕೂ ಅದೇ ಶಾಸ್ತ್ರ! ಭಾನುವಾರ ಮೂರೂವರೆಗೆ ಮುಖ ತೊಳೆದು, ಇಸ್ತ್ರಿಯ ಪಂಚೆ ಉಟ್ಟು, ಅದರ ಮೇಲೆ ಗಾಯಕನ ಮುಖವಿದ್ದ ಕಪ್ಪು ಟೀ ಶರ್ಟು ತೊಡುತ್ತಿದ್ದರು. ಹಾಲಿನಲ್ಲಿ ಜಮಖಾನ ಹಾಸಿ ಚಕ್ಕಳಮಕ್ಕಳ ಕೂರುತ್ತಿದ್ದರು. ಪಕ್ಕದಲ್ಲಿ ಬೆಲ್ಲದ ಪಾನಕ, ಕೋಸಂಬರಿ. ಟೀವಿಯಲ್ಲಿ ಸಾವಿರಾರು ಜನ ಹುಚ್ಚೆದ್ದು ಕುಣಿಯುತ್ತಿದ್ದರೆ ಇಲ್ಲಿ ಮಾವ ತೊಡೆಯ ಮೇಲೆ ಆದಿತಾಳ ಹಾಕುತ್ತಾ, ಕಣ್ಣು ಮುಚ್ಚಿ, “ಭಲೇ!” ಎನ್ನುತ್ತಿದ್ದರು. ಗಾಯಕನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ವಿದ್ವಾನ್ ಎಂದೇ ಕರೆಯುತ್ತಿದ್ದರು. ಒಂದು ಹಾಡಿನಲ್ಲಿ ಮಾತ್ರ ಮಾವನ ತಾಳ ಪ್ರತಿ ವಾರವೂ ಜಾರುತ್ತಿತ್ತು.

“ಮಾವ, ನಿಮ್ಮ ವಿದ್ವಾನ್ ತಾಳ ತಪ್ಪಿದ್ರು” ಎಂದು ನಾನು ಒಮ್ಮೆ ಕೆಣಕಿದೆ.

“ಬಿಡ್ತು ಅನ್ನು! ತಪ್ಪಿದ್ದು ನಾನು. ಅವರು ಎಲ್ಲೋ ಹೋಗಿ ಸರಿಯಾಗಿ ಸಮಕ್ಕೆ ಬಂದಿದಾರೆ.”

ಡ್ರಮ್ಮಿನವನು ಒಬ್ಬನೇ ಬಾರಿಸುವ ಭಾಗವೊಂದಿತ್ತು. ಎಂಟು ನಿಮಿಷ. ಮಾವನ ಪ್ರಕಾರ ಅದು ತನಿ ಆವರ್ತನ, ಮೃದಂಗದವರ ಹಕ್ಕಿನ ಹೊತ್ತು. ಆ ಹೊತ್ತಿನಲ್ಲಿ ಕಾಫಿಗೆಂದು ಎದ್ದು ಹೋಗುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಮಾವನಿಗೆ ನಲವತ್ತಾಗುತ್ತ ಬಂದಿದ್ದರೂ ಅಜ್ಜಿ ಮದುವೆಯ ಆಸೆ ಬಿಟ್ಟಿರಲಿಲ್ಲ. ಹೆಣ್ಣಿನ ಕಡೆಯವರು ಒಮ್ಮೆ ಬಂದರು. ಬಂದದ್ದೋ ಭಾನುವಾರ ನಾಲ್ಕು ಗಂಟೆಗೆ! ಕಛೇರಿ ನಿಲ್ಲಿಸುವುದುಂಟೇ? ಎಲ್ಲರನ್ನೂ ಜಮಖಾನದ ಮೇಲೆ ಕೂರಿಸಿದರು. ಹುಡುಗಿ ಪಾಪ, ಮುಗುಳ್ನಗುತ್ತಾ ಕೂತಿದ್ದಳು. ಡ್ರಮ್ಮು ಶುರುವಾದದ್ದೇ ತಡ, ಅವಳ ತಂದೆ ಎದ್ದು, “ಬಾತ್‌ರೂಮ್ ಯಾವ ಕಡೆ?” ಎಂದರು. ಮುಗಿಯಿತು! ಬಂದವರೆಲ್ಲ ಹೊರಟುಹೋದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದರು.

“ಹುಡುಗಿ ಹೇಗೋ?”

“ಹುಡುಗಿ ಲಕ್ಷಣವಾಗಿದಾಳಮ್ಮ. ಆದ್ರೆ ತನೀಲಿ ಎದ್ದು ಹೋಗೋ ಮನೆತನ.”

ಮಾವ ಬ್ರಹ್ಮಚಾರಿಯಾಗಿಯೇ ಉಳಿದರು. ತಪ್ಪು ಯಾರದ್ದು? ಡ್ರಮ್ಮಿನವನದ್ದೇ!

ಈಗ ಅಜ್ಜಿಯ ವಿಷಯಕ್ಕೆ ಬರಬೇಕು. ಅಜ್ಜಿ ವೀಣೆ ನುಡಿಸುತ್ತಿದ್ದವರು. ಬೆರಳುಗಳು ಸೊಟ್ಟಗಾದ ಮೇಲೆ ವೀಣೆ ಒಳಕೋಣೆಯಲ್ಲಿ ಗವಸು ಹೊದ್ದು ಮಲಗಿತು. ಆದರೂ ಶುಕ್ರವಾರಗಳಲ್ಲಿ ಅದಕ್ಕೊಂದು ಹೂವು ತಪ್ಪಿದ್ದಿಲ್ಲ. ಮಗ ಮೊದಲ ಸಲ ಆ ಕ್ಯಾಸೆಟ್ಟು ಹಾಕಿದ ದಿನ ಅವರು ಹಾಲಿನ ಬೆತ್ತದ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನಾಗ ಐದನೇ ಕ್ಲಾಸು. ಅವರ ಕಾಲ ಬಳಿ ಕೂತು ಕಾಳಿಗಿಂತ ಹೆಚ್ಚು ಹುಳು ಹೆಕ್ಕುತ್ತಿದ್ದೆ. ಅಜ್ಜಿ ಬೈಯುತ್ತಾರೆ ಎಂದುಕೊಂಡಿದ್ದೆವು. ಬೈಯಲಿಲ್ಲ!

“ಶ್ರುತಿ ಶುದ್ಧವಾಗಿದೆ ಕಣೋ ಹುಡುಗನದ್ದು. ಕೂಗೋದ್ಯಾಕೆ ಅಷ್ಟೊಂದು?” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಅಯ್ಯೋ ಪಾಪ, ಹೇಗೆ ಬೆವರ್ತಿದಾನೆ ನೋಡು. ಅಷ್ಟು ಜನ ಇದಾರೆ, ಒಂದು ಟವಲ್ ಕೊಡೋರು ಗತಿಯಿಲ್ವೇ?” ಎಂದರು.

ಕೊನೆಯ ಹಾಡು ಬಂತು. ಹಾಡು ಏರುತ್ತಾ ಏರುತ್ತಾ ಹೋಯಿತು. ಇದ್ದಕ್ಕಿದ್ದಂತೆ ವಿದ್ವಾನ್ ಕೊರಳಿನಿಂದ ಗಿಟಾರು ತೆಗೆದು, ಅದರ ಕತ್ತು ಹಿಡಿದು ತಲೆಯ ಮೇಲೆ ಎತ್ತಿ, ರಪ್ಪೆಂದು ನೆಲಕ್ಕೆ ಅಪ್ಪಳಿಸಿದ!

ಅಜ್ಜಿಯ ಮಡಿಲಿನ ಮೊರ ಹಾರಿತು. ಕಾಳು ಹಾಲಿನ ತುಂಬ. “ಹಿಡ್ಕೊಳ್ರೋ ಅವನನ್ನ! ಯಾರಾದ್ರೂ ಹಿಡ್ಕೊಳ್ರೋ!” ಎಂದು ಟೀವಿಯ ಕಡೆಗೆ ಕೂಗುತ್ತಾ ಎದ್ದು ನಿಂತರು. ಮಾವ ಗಾಬರಿಯಾಗಿ ವಿಸಿಆರ್ ಆರಿಸಿದರು. ಅಜ್ಜಿ ಒಳಗೆ ಹೋಗಿ ವೀಣೆಯ ಪಕ್ಕ ಕೂತುಬಿಟ್ಟರು. ಅವತ್ತು ಅವರು ಊಟ ಮಾಡಲಿಲ್ಲ. ಇನ್ನು ಮೇಲೆ ಈ ಮನೆಯಲ್ಲಿ ಆ ಭಾಗ ನೋಡಕೂಡದು ಎಂದು ಮಗನಿಂದ ವೀಣೆ ಮುಟ್ಟಿಸಿ ಆಣೆ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅಜ್ಜಿ ಮೊದಲು ಕೇಳಿದ್ದು ಇದನ್ನೇ.

“ಅದು ರಿಪೇರಿ ಆಗುತ್ತೇನೋ?”

ಅಮ್ಮನ ಊದಿದ ಕಣ್ಣು ನೋಡಿ ಮಾವ ಏನು ತಾನೇ ಹೇಳಿಯಾರು? “ಆಗ್ಲೇ ಮಾಡಿಸ್ಕೊಂಡನಂತಮ್ಮ. ಪೇಪರ್‌ನಲ್ಲಿ ಬಂದಿತ್ತು” ಎಂದರು.

“ಎಲ್ಲಿ ಮಾಡ್ಸಿದ್ನಂತೆ?”

“ಬಳೇಪೇಟೇಲಿ.” ಅಜ್ಜಿಯ ವೀಣೆ ರಿಪೇರಿಯಾಗುತ್ತಿದ್ದದ್ದೂ ಅಲ್ಲೇ.

“ಇಲ್ಲಿಗೆ ಬಂದಿದ್ನೇ?”

“ಇಲ್ಲಿ ಅಲ್ಲಮ್ಮ, ಅವರೂರಿನ ಬಳೇಪೇಟೆ!”

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಭಾನುವಾರ ವಿದ್ವಾನರ ಎಡಭುಜ ತಗ್ಗುತ್ತಿದ್ದಂತೆಯೇ, ಅಂದರೆ ಗಿಟಾರು ಕೊರಳಿನಿಂದ ಇಳಿಯುವ ಒಂದು ಕ್ಷಣ ಮೊದಲು, ಮಾವನ ಹೆಬ್ಬೆರಳು ವಿಸಿಆರ್‌ನ ಗುಂಡಿ ಒತ್ತುತ್ತಿತ್ತು. ಒಂದು ವಾರವೂ ತಪ್ಪಿದ್ದಿಲ್ಲ. ಆಮೇಲೆ ಅಜ್ಜಿ ಕುರ್ಚಿಯಿಂದಲೇ ಯೋಗಕ್ಷೇಮ ವಿಚಾರಿಸುತ್ತಿದ್ದರು. “ನಾದ ಮೊದಲಿನ ಹಾಗೇ ಇದೆಯಂತಾ?” “ಇನ್ನೂ ಚೆನ್ನಾಗಿದೆಯಂತಮ್ಮ, ಹಲಸಿನ ಮರ ಹಾಕ್ಸಿದಾನೆ.” ಹೀಗೆ ವರ್ಷಗಟ್ಟಲೆ ಮಾವ ಆ ಗಿಟಾರಿಗೆ, ವೀಣೆಗೆ ಮಾಡಿಸುವ ಹಾಗೆಯೇ, ಮರ ಹಾಕಿಸಿದರು, ಮೇಣ ಕಟ್ಟಿಸಿದರು, ಮೈಸೂರಿನಿಂದ ತಂತಿಯನ್ನೂ ತರಿಸಿದರು! ಅಂಥ ಉಪಚಾರ ನಮ್ಮ ಮನೆಯ ಯಾವ ಬಾಣಂತಿಗೂ ಆಗಿಲ್ಲ.

ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಹೆಸರುಗಳೆಲ್ಲ ಮರೆತಿದ್ದವು. ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಆದರೆ ಒಂದು ದಿನ ಮಗನ ಕೈ ಹಿಡಿದು, “ಆ ಹುಡುಗನ ವೀಣೆ?” ಎಂದರು. “ಚೆನ್ನಾಗಿದೆಯಮ್ಮ” ಎಂದರು ಮಾವ.

ಆಮೇಲೂ ಭಾನುವಾರದ ಕಛೇರಿ ನಡೆಯಿತು. ಹೆಬ್ಬೆರಳೂ ಅದೇ ಜಾಗದಲ್ಲಿ ಒತ್ತುತ್ತಿತ್ತು. “ಇನ್ನಾದ್ರೂ ಪೂರ್ತಿ ನೋಡಬಹುದಲ್ಲ ಮಾವ?” ಎಂದೆ ನಾನು.

“ಬೇಡ ಕಣೇ” ಎಂದರು. “ಆಣೆ ಮಾತು ಹಾಗಿರಲಿ. ಅಮ್ಮನಿಗೆ ಅಷ್ಟು ವರ್ಷ ಸುಳ್ಳು ಹೇಳಿದೀನಿ. ನೋಡ್ದೇ ಇದ್ರೆ, ರಿಪೇರಿ ಆಗಿದ್ರೂ ಆಗಿರಬಹುದು ಅನ್ಕೋಬಹುದು. ಆ ಚೂರುಗಳನ್ನ ನೋಡಿಬಿಟ್ರೆ ನಂಗೆ ಅಷ್ಟೂ ಸಿಗಲ್ಲ.”

ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹೋದ ದೀಪಾವಳಿಗೆ ವಿಸಿಆರ್ ಕೊನೆಯುಸಿರೆಳೆಯಿತು. ಅದನ್ನು ರಿಪೇರಿ ಮಾಡುವವರು ನಮ್ಮೂರಿನ ಬಳೇಪೇಟೆಯಲ್ಲೂ ಇರಲಿಲ್ಲ, ಅವರೂರಿನ ಬಳೇಪೇಟೆಯಲ್ಲೂ ಇರಲಿಕ್ಕಿಲ್ಲ! ಮೂರು ಭಾನುವಾರ ಮಾವ ಇಸ್ತ್ರಿಯ ಪಂಚೆ ಉಟ್ಟು ಸುಮ್ಮನೆ ಜಮಖಾನದ ಮೇಲೆ ಕೂತಿದ್ದರು. ನನಗೆ ನೋಡಲಾಗಲಿಲ್ಲ. ಕ್ಯಾಸೆಟ್ಟು ತೆಗೆದುಕೊಂಡು, ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಬಿಟಿಎಂ ಲೇಔಟಿನ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮದುವೆ ಕ್ಯಾಸೆಟ್ಟಾ ಮೇಡಂ? ತುಂಬಾ ಕುಂಕುಮ ಇದೆ.”

“ಅಲ್ಲ, ರಾಕ್ ಕಾನ್ಸರ್ಟು. ಆಯುಧಪೂಜೆಗೆ ಇಟ್ಟಿದ್ದು.”

ಅವರು ನನ್ನನ್ನೂ ಒಮ್ಮೆ ತಿರುಗಿಸಿ ಮುರುಗಿಸಿ ನೋಡುವವರ ಹಾಗೆ ನೋಡಿದರು. ವಾರದ ನಂತರ ಪೆನ್‌ಡ್ರೈವ್ ಕೊಡುವಾಗ, “ಟೇಪೆಲ್ಲ ಸವೆದು ಹೋಗಿದೆ ಮೇಡಂ, ಗೆರೆ ಬರುತ್ತೆ. ಆದ್ರೆ ಕೊನೇ ಐದು ನಿಮಿಷ ಮಾತ್ರ ಹೊಸದರ ಥರ ಇದೆ. ಯಾರೂ ನೋಡೇ ಇಲ್ವಾ?” ಎಂದರು.

ಭಾನುವಾರ. ನಾಲ್ಕು ಗಂಟೆ. ಪಂಚೆ, ಟೀ ಶರ್ಟು, ಪಾನಕ, ಜಮಖಾನ. ಹೊಸ ಟೀವಿಯ ರಿಮೋಟನ್ನು ಮಾವನ ಕೈಗೆ ಕೊಟ್ಟು, ನಿಲ್ಲಿಸುವ ಗುಂಡಿಯನ್ನು ನಾಲ್ಕು ಸಲ ತೋರಿಸಿದೆ. “ಗೊತ್ತಾಯ್ತು ಬಿಡೇ, ನಾನೇನು ಎಳೆಮಗುವೇ?” ಎಂದರು. ಕಛೇರಿ ಅದ್ಭುತವಾಗಿ ಸಾಗಿತು. ತನಿಯಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಕೊನೆಯ ಹಾಡು ಏರಿತು. ವಿದ್ವಾನರ ಎಡಭುಜ ತಗ್ಗಿತು. ಮಾವನ ಹೆಬ್ಬೆರಳು ಒತ್ತಿತು.

ಟೀವಿಯ ಸದ್ದು ಹೆಚ್ಚಾಯಿತು! ಮತ್ತೆ ಒತ್ತಿದರು. ಇನ್ನೂ ಹೆಚ್ಚಾಯಿತು! “ಅದಲ್ಲ ಮಾವ, ಕೆಳಗಿನದ್ದು!” ಎಂದು ನಾನು ಎದ್ದೆ. ಗಾಬರಿಗೆ ರಿಮೋಟು ಕೈಜಾರಿ ಬಿತ್ತು, ಸೆಲ್ಲುಗಳು ದಿವಾನದ ಕೆಳಗೆ ಉರುಳಿದವು. ಇಪ್ಪತ್ತೈದು ವರ್ಷ ತಡೆದು ನಿಲ್ಲಿಸಿದ್ದ ಆ ರಪ್ಪೆನ್ನುವ ಸದ್ದು ಇಡೀ ಹನುಮಂತನಗರಕ್ಕೆ ಕೇಳುವಂತೆ ಹೊಡೆಯಿತು. ಮಾವ ಎರಡೂ ಕಿವಿ ಮುಚ್ಚಿ, ಕಣ್ಣು ಬಿಗಿದು ಕೂತರು. ನಾನು ದಿವಾನದ ಕೆಳಗೆ ತಲೆ ಹಾಕಿ ಸೆಲ್ಲು ಹುಡುಕುತ್ತಿದ್ದೆ.

ಸದ್ದು ಅಡಗಿತು. ಎಷ್ಟು ಹುಡುಕಿದರೂ ಒಂದೇ ಸೆಲ್ಲು ಸಿಕ್ಕಿತು. ತಲೆ ಎತ್ತಿ ನೋಡಿದರೆ, ತೆರೆಯ ಮೇಲೆ ಕಛೇರಿಗೆ ದುಡಿದವರ ಹೆಸರುಗಳು ಒಂದೊಂದಾಗಿ ಏರುತ್ತಿದ್ದವು. ಆ ಹೆಸರುಗಳ ಹಿಂದೆ, ವೇದಿಕೆಯ ಮರೆಯ ಒಂದು ಕೋಣೆ. ಬೋರಲು ಹಾಕಿದ ಪೆಟ್ಟಿಗೆಯೊಂದರ ಮೇಲೆ ಆ ಗಾಯಕ ಒಬ್ಬನೇ ಕೂತಿದ್ದ. ಮಡಿಲಲ್ಲಿ ಮುರಿದ ಗಿಟಾರು. ಕತ್ತನ್ನು ಮೈಗೆ ಜೋಡಿಸಿ, ಅಂಟು ಬಳಿದು, ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಕೈ ಬಿಟ್ಟರೆ ಎಲ್ಲಿ ಕಳಚುತ್ತದೋ ಎಂಬಂತೆ ಅಲುಗಾಡದೆ ಕೂತಿದ್ದ.

ಮಾವನ ಭುಜ ಅಲುಗಿಸಿ, “ಮಾವ, ಕಣ್ಣು ಬಿಡಿ” ಎಂದೆ.

ಬಿಟ್ಟರು. ಕಿವಿಯಿಂದ ಇಳಿದ ಕೈ ತಾಳ ಮರೆತು ತೊಡೆಯ ಮೇಲೆ ಹಾಗೇ ಇತ್ತು.

“ಹೆಗಲ ಮೇಲೆ ಟವಲ್ ಇದೆ ನೋಡೇ” ಎಂದರು ಕೊನೆಗೆ. “ಯಾರೋ ಕೊಟ್ಟಿದಾರೆ.”

ಹೆಸರುಗಳು ಮುಗಿದು ತೆರೆ ಕಪ್ಪಾಯಿತು. ಮಾವ ಮಂಡಿ ಹಿಡಿದು ಎದ್ದರು. ಮೂಲೆಯಲ್ಲಿದ್ದ ಅಜ್ಜಿಯ ಬೆತ್ತದ ಕುರ್ಚಿಯನ್ನು ಎಳೆದು ತಂದು ಟೀವಿಯ ಎದುರಿಗಿಟ್ಟು, ಪಂಚೆಯ ತುದಿಯಿಂದ ಅದರ ಧೂಳು ಒರೆಸಿದರು. ತಾವು ಅದರ ಕಾಲ ಬಳಿ ಜಮಖಾನದ ಮೇಲೆ ಕೂತರು.

“ಇನ್ನೊಂದ್ಸಲ ಹಾಕೇ” ಎಂದರು. “ಅವತ್ತು ಅಮ್ಮ ಮಧ್ಯದಲ್ಲೇ ಎದ್ದು ಹೋಗ್ಬಿಟ್ಲು.”