ಮೂಗಿನ ಮಷಿನ್ನು, ಅವ್ವನ ರೊಟ್ಟಿ

ಗೊರಕೆ ಗಂಡಸರ ಸೊತ್ತು ಎಂಬುದು ನಮ್ಮ ಕಡೆಯ ನಂಬಿಕೆ. ಹೊಲಮನೆಯಂತೆ ಅದರಲ್ಲೂ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಹಾಗಿದ್ದೂ ನನಗೆ ಹೇಗೋ ಅದರಲ್ಲಿ ದೊಡ್ಡ ಪಾಲೇ ಬಂದಿದೆ. ಸರಸಂಬಾ ಎಂಬ ಹಳ್ಳಿಯ ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನು. ಈಗ ಆಳಂದದಲ್ಲಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಈ ಎರಡು ಮಾತನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಗೊರಕೆಯ ಮಾತನ್ನು ಮಾತ್ರ ಮುಚ್ಚಿಟ್ಟಿದ್ದೆ. ಆದರೆ ತೂಕಡಿಕೆಯನ್ನು ಮುಚ್ಚಿಡಲು ಬರುವುದಿಲ್ಲ. ಪರೀಕ್ಷಾ ಕೋಣೆಗೆ ನನ್ನನ್ನು ಹಾಕಿದರೆಂದರೆ ಮಕ್ಕಳಿಗೆ ಹಬ್ಬ. ಪ್ರಶ್ನೆಪತ್ರಿಕೆ ಹಂಚಿ ಕುರ್ಚಿಗೆ ಒರಗಿದ್ದೇ ತಡ, ಕಣ್ಣು ಮುಚ್ಚಿರುತ್ತಿತ್ತು.

ಕೊನೆಗೆ ಕಲಬುರಗಿಯ ಡಾಕ್ಟರರೊಬ್ಬರು, ನಿದ್ದೆಯಲ್ಲಿ ನನ್ನ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ, ಮೈಯ ಭಾರವೂ ಮುಟ್ಟು ನಿಂತ ಮೇಲಿನ ಹಾರ್ಮೋನಿನ ಏರುಪೇರೂ ಅದಕ್ಕೆ ಕೂಡಿಕೊಂಡಿರಬೇಕು ಎಂದರು. ಮೂಗಿಗೆ ಕಟ್ಟಿಕೊಂಡು ಮಲಗುವ, ಗಾಳಿ ಊದುವ ಮಷಿನ್ನು ಬರೆದುಕೊಟ್ಟರು. ನಿದ್ದೆ ಸರಿಹೋದರೆ ಹಸಿವಿನ ಹಾರ್ಮೋನುಗಳೂ ಬದಲಾಗಬಹುದು, ಆದರೆ ತೂಕ ತಾನಾಗಿ ಇಳಿಯಲೆಂದು ಕಾಯಬೇಡಿ, ಕಡಿಮೆ ಉಣ್ಣಿ ಎಂದರು.

ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ನನ್ನ ಲಗ್ನ ಆಗಲಿಲ್ಲ. ನೋಡಲು ಬಂದವರು ಮೊದಲು ಹುಡುಗಿ ತೀರ ತೆಳ್ಳಗಿದ್ದಾಳೆ ಎಂದರು, ಆಮೇಲೆ ಬಹಳ ಓದಿದ್ದಾಳೆ ಎಂದರು, ಕೊನೆಗೆ ದಪ್ಪಗಿದ್ದಾಳೆ ಎಂದರು. ಮೂರೂ ನಿಜವೇ. ಆದರೆ ಅವ್ವನ ಕಣ್ಣಿಗೆ ನನ್ನ ದಪ್ಪವೇ ದೊಡ್ಡ ಡಿಗ್ರಿ. ಊರವರ ಮುಂದೆ ಅವಳು ನನ್ನ ಸರ್ಟಿಫಿಕೇಟು ತೋರಿಸಿದವಳಲ್ಲ, ತೋಳು ಹಿಡಿದು ತೋರಿಸುತ್ತಿದ್ದಳು.

ಮಷಿನ್ನು ಬಂದ ಮೇಲೆ ನಿದ್ದೆ ಬಂತು, ಮೂರನೆಯ ರೊಟ್ಟಿಯ ಆಸೆ ಹೋಯಿತು, ಆಮೇಲೆ ಎರಡನೆಯದರದೂ. ಹಾರ್ಮೋನೋ, ಡಾಕ್ಟರರ ಹೆದರಿಕೆಯೋ ನನಗೆ ತಿಳಿಯದು. ಅವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ: ಆ ಡಬ್ಬಿ ಮಗಳ ಹೊಟ್ಟೆಗೆ ಗಾಳಿ ತುಂಬಿದೆ. ನಾನು ಹಾರ್ಮೋನಿನ ಪಾಠ ತೆಗೆದೆ. ಮಕ್ಕಳು ಬೆಲ್ಲು ಹೊಡೆಯುವ ತನಕವಾದರೂ ಕೂರುತ್ತಾರೆ. ಅವ್ವ ನಡುವೆಯೇ ಎದ್ದು ಹೋದಳು. ಅವಳು ಯಾವಾಗಲೂ ನಾನು ಉಂಡೆದ್ದ ಮೇಲೆ ಉಣ್ಣುವವಳು. ಈಗ ನಾನು ಒಂದಕ್ಕೇ ಎದ್ದರೆ, ಅವಳು ಅರ್ಧಕ್ಕೇ ಕೈ ತೊಳೆದು ರೊಟ್ಟಿ ಬುಟ್ಟಿ ಮುಚ್ಚಿಡುತ್ತಿದ್ದಳು. ನೋಡುನೋಡುತ್ತ ಅವಳ ಕುಪ್ಪಸದ ತೋಳು ಸಡಿಲಾಯಿತು. ಕಾಯಿಲೆ ನನ್ನದು, ಕರಗುತ್ತಿದ್ದವಳು ಅವ್ವ.

ಒಂದು ಸಂಜೆ ಅವಳು ಒತ್ತಾಯ ಮಾಡುವ ಮೊದಲೇ ನಾನೊಂದು ಉಪಾಯ ಹೂಡಿದೆ. "ಸಾಲ್ಯಾಗ ಉಂಡು ಬಂದೀನಬೇ, ಹೊಟ್ಟಿ ತುಂಬ್ಯಾದ" ಎಂದೆ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಗೌಡರ ಮನ್ಯಾಗ ಉಂಡು ಬಂದೀನಿ ಅಂತ ನಾನೂ ನಿನಗ ಹಿಂಗೇ ಹೇಳ್ತಿದ್ದೆ" ಎಂದಳು. "ಆಗ ಮನ್ಯಾಗ ಒಂದೇ ರೊಟ್ಟಿ ಇರ್ತಿತ್ತು, ಅದಕ್ಕ. ಈಗ ಬುಟ್ಟಿ ತುಂಬ ಅದಾವಲ್ಲ, ನೀ ಯಾಕ ಹೇಳಾಕತ್ತಿ?"

ಕಸಮುಸುರೆ ಮಾಡಲು ಹೋಗುತ್ತಿದ್ದ ಆ ಮನೆಯಲ್ಲಿ ಅವ್ವ ಉಣ್ಣುತ್ತಾಳೆ ಎಂದು ನಂಬಿಯೇ ನಾನು ಬಿ.ಎಸ್ಸಿ. ಮುಗಿಸಿದ್ದೆ. ಎದ್ದು ಎರಡು ತಾಟು ಹಾಕಿ, "ನೀನೂ ಕುಂದ್ರಬೇ" ಎಂದೆ. ಅವಳು ನನ್ನ ಎದುರು ಕುಳಿತು ಉಂಡದ್ದು ಅದೇ ಮೊದಲು.

ಈಗ ದಿನವೂ ಹಾಗೆಯೇ ಉಣ್ಣುತ್ತೇವೆ. ಅವಳಿಗೆ ಹಲ್ಲಿಲ್ಲ, ನಿಧಾನ. ಅವಳದು ಮುಗಿಯುವ ತನಕ ನಾನು ನನ್ನ ಒಂದೇ ರೊಟ್ಟಿಯನ್ನು ಮುರಿಯುತ್ತ ಕೂರುತ್ತೇನೆ. ಅವ್ವನ ತೋಳು ಮತ್ತೆ ತುಂಬಿಕೊಳ್ಳುತ್ತಿದೆ. ನನ್ನ ತೂಕ ಮಾತ್ರ ಇದ್ದಲ್ಲೇ ಇದೆ. ಡಾಕ್ಟರರು ಕಾರಣ ಕೇಳಿದರೆ, ಅವಳು ತನ್ನ ತಾಟಿನಿಂದ ಮುರಿದು ನನ್ನ ತಾಟಿಗೆ ಹಾಕುವ ತುಂಡುಗಳ ಸುದ್ದಿ ಎತ್ತದೆ, ಹಾರ್ಮೋನೇ ಇರಬೇಕ್ರಿ ಎನ್ನುತ್ತೇನೆ. ವಿಜ್ಞಾನ ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.